ಅಖಾಡದ ಆಚೆಗಿನ ಕಂಠೀರವ

ರಣಧೀರ ಕಂಠೀರವ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ತಿರುಚಿರಾಪಳ್ಳಿಯ ಕೋಟೆ ಬಾಗಿಲು, ಅದಕ್ಕೆ ತೂಗುಹಾಕಿದ ಜಟ್ಟಿಯ ಚಲ್ಲಣ ಮತ್ತು ಅದರ ಕೆಳಗೆ ತಲೆತಗ್ಗಿಸಿ ಹಾಯಲು ಒಪ್ಪದ ಮೈಸೂರಿನ ತರುಣ. ಈ ಚಿತ್ರವನ್ನು ನಮ್ಮ ತಲೆಮಾರಿನ ಮನಸ್ಸಿನಲ್ಲಿ ಗಟ್ಟಿಯಾಗಿ ಅಚ್ಚೊತ್ತಿದ್ದು 1960ರಲ್ಲಿ ತೆರೆಕಂಡ ಚಲನಚಿತ್ರ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ಕೂಡಿ ಕಟ್ಟಿಕೊಂಡ ಕಲಾವಿದರ ಸಂಘವೇ ಅದನ್ನು ನಿರ್ಮಿಸಿತು. ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟಿದ್ದ, ನಟರಿಗೆ ಕೆಲಸವೇ ದುರ್ಲಭವಾಗಿದ್ದ ಕಾಲದಲ್ಲಿ ಅವರು ಆರಿಸಿಕೊಂಡ ನಾಯಕ ಮೂರು ಶತಮಾನಗಳ ಹಿಂದೆ ತೀರಿಕೊಂಡ ಒಬ್ಬ ಕುಸ್ತಿಪಟು ದೊರೆ. ಆ ಆಯ್ಕೆಯೇ ಆ ಹೆಸರಿನ ಜನಪ್ರಿಯತೆಗೆ ಸಾಕ್ಷಿ.

ಆದರೆ ಜನಪ್ರಿಯತೆ ಒಂದು ಬದುಕನ್ನು ಒಂದೇ ದೃಶ್ಯಕ್ಕೆ ಕುಗ್ಗಿಸಿಬಿಡುತ್ತದೆ. 1638ರಿಂದ 1659ರವರೆಗೆ ಇಪ್ಪತ್ತೊಂದು ವರ್ಷ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ಒಂದು ಟಂಕಸಾಲೆ ಸ್ಥಾಪಿಸಿದರು, ಕಾವೇರಿಗೆ ಅಣೆ ಕಟ್ಟಿಸಿದರೆಂದು ಹೆಸರು ಪಡೆದರು, ಗುಡಿ ಎತ್ತಿಸಿದರು. ಅವರು ಕ್ರೂರವಾದ ಒಂದು ಯುದ್ಧಕ್ಕೂ ಕಾರಣರಾದರು. ಇವೆಲ್ಲ ಆ ಚಲ್ಲಣದ ಮರೆಗೆ ಸರಿದುಹೋಗಿವೆ. ಕಂದಾಯ ಇಲಾಖೆಯ ಕಡತಗಳ ನಡುವೆ ಆಯುಷ್ಯದ ಬಹುಭಾಗ ಕಳೆದ ನನಗೆ ಈ ಮರೆವು ಸ್ವಲ್ಪ ಅನ್ಯಾಯವೆಂದೇ ತೋರುತ್ತದೆ.

ಅವರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು, 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ಪಡೆದ ರಾಜ ಒಡೆಯರ ತಮ್ಮ. ಸಿಂಹಾಸನ ಈ ಕವಲಿಗೆ ಬರುವ ಸೂಚನೆಯೇನೂ ಇರಲಿಲ್ಲ. ತರುಣ ನರಸರಾಜರು ರಾಜಧಾನಿಯಿಂದ ದೂರ, ಈಗಿನ ಚಾಮರಾಜನಗರ ಜಿಲ್ಲೆಯ ತೆರಕಣಾಂಬಿಯಲ್ಲಿ ಬೆಳೆದರು. ರಾಜ್ಯದ ಹೊಣೆಯಿಲ್ಲದ ಆ ವರ್ಷಗಳಲ್ಲಿ ಗರಡಿಯ ಸಾಧನೆಗೆ ಬೇಕಾದಷ್ಟು ಬಿಡುವು ಅವರಿಗೆ ದೊರೆತಿರಬೇಕು.

ತಿರುಚಿರಾಪಳ್ಳಿಯ ಕಥೆ ಸೇರುವುದು ಈ ಅವಧಿಗೇ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಜನ ಅದಕ್ಕೂ ಮೊದಲಿನಿಂದ ಹೇಳಿಕೊಂಡು ಬಂದಿದ್ದರು. ಎದುರಾಳಿಯೇ ಇಲ್ಲದ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿ, ಬಂದವರೆಲ್ಲ ಅದರಡಿ ನುಸುಳಿ ಸೋಲೊಪ್ಪಿಕೊಳ್ಳುವಂತೆ ಮಾಡಿದ್ದನಂತೆ. ಸುದ್ದಿ ಕೇಳಿದ ನರಸರಾಜರು ವೇಷ ಮರೆಸಿಕೊಂಡು ಹೋಗಿ, ಅವನನ್ನು ಕಣದಲ್ಲಿ ಕೊಂದು, ಬಹುಮಾನಕ್ಕೂ ನಿಲ್ಲದೆ ಬಾಗಿಲ ಮೇಲೆ ತಮ್ಮ ಹೆಸರು ಬರೆದು ರಾತ್ರೋರಾತ್ರಿ ಹಿಂದಿರುಗಿದರಂತೆ. ಸಂಪ್ರದಾಯದ ಕಥೆಯೆಂಬ ಎಚ್ಚರದಿಂದಲೇ ಇದನ್ನು ಓದಬೇಕು. ಕಾದಾಟ ಕೈಕೈ ಮಿಲಾಯಿಸಿದ ಮಲ್ಲಯುದ್ಧವೋ ಕತ್ತಿವರಸೆಯೋ ಎಂಬಲ್ಲಿಯೇ ಹೇಳುವವರಲ್ಲಿ ಒಮ್ಮತವಿಲ್ಲ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಉಪವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಈ ಕಥೆಯನ್ನು ಇನ್ನೊಂದು ರೂಪದಲ್ಲಿ ಕೇಳಿದ್ದೆ. ಹೆಸರಿನ ಕೊನೆಯಲ್ಲೇ ತೆಲುಗು ಧ್ವನಿಸುವ ಕ್ಯಾತಗಾನಚೆರ್ಲಿನಲ್ಲಿ ಹಿರಿಯರೊಬ್ಬರು ಅದನ್ನು ಹೇಳುವಾಗ ತಿರುಚಿರಾಪಳ್ಳಿ ಮಾಯವಾಗಿತ್ತು. ಸೋತ ಜಟ್ಟಿ ಯಾವುದೋ ಹೆಸರಿಲ್ಲದ ಪಾಳೆಯಗಾರನ ಕಡೆಯವನಾಗಿದ್ದ. ಉಳಿದದ್ದು ಚಲ್ಲಣ ಮತ್ತು ಕಂಠೀರಾಯ ಎಂಬ ಹೆಸರು ಮಾತ್ರ. ಆ ಸೀಮೆಯನ್ನು ಕಂಠೀರವರು ಆಳಿದವರೇ ಅಲ್ಲ. ಸಿರಾ ಅವರ ಕಾಲದಲ್ಲಿ ಬಿಜಾಪುರದವರ ವಶದಲ್ಲಿತ್ತು, ಮಧುಗಿರಿ ಮೈಸೂರಿಗೆ ಸೇರಿದ್ದು ಅವರು ತೀರಿಕೊಂಡ ಮೇಲೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಹಾಗಾದರೆ ಹೆಸರು ಅಲ್ಲಿಗೆ ತಲುಪಿದ್ದು ಹೇಗೆ? ಅದಕ್ಕೆ ಉತ್ತರ ಕುಸ್ತಿಯಲ್ಲಿಲ್ಲ, ಬೇರೆಡೆ ಇದೆ. ಮುಂದೆ ನೋಡೋಣ.

ಕುಸ್ತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನರಸರಾಜರು ವೃತ್ತಿಯಿಂದ ಜಟ್ಟಿಯಲ್ಲ. ವೃತ್ತಿಯ ಜಟ್ಟಿಗಳು ಬೇರೆಯೇ ಒಂದು ಸಮುದಾಯ. ಅರಮನೆಯ ಆಶ್ರಯದಲ್ಲಿ ಮೈಸೂರು, ಚಾಮರಾಜನಗರ, ಚನ್ನಪಟ್ಟಣಗಳಲ್ಲಿ ನೆಲೆಸಿ, ತಲೆ ಬೋಳಿಸಿಕೊಂಡು, ಬೆರಳಿಗೆ ವಜ್ರಮುಷ್ಟಿ ತೊಟ್ಟು ಕಾದುತ್ತಿದ್ದವರು. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಮುಗಿಯುವ ಆ ಕಾಳಗ ಇಂದಿಗೂ ಮೈಸೂರು ದಸರೆಯ ಒಂದು ವಿಧಿ. ಕಂಠೀರವರ ಕಾಲದ ಮಹಾನವಮಿಯ ವೈಭವವನ್ನು ಅವರು ಬದುಕಿದ್ದಾಗಲೇ, 1648ರಲ್ಲಿ, ಗೋವಿಂದ ವೈದ್ಯನು ಕಂಠೀರವ ನರಸರಾಜ ವಿಜಯ ಎಂಬ ಸಾಂಗತ್ಯ ಕಾವ್ಯದಲ್ಲಿ ವರ್ಣಿಸಿದ್ದಾನೆ. ದೊರೆಯೇ ಗರಡಿಯ ಮಣ್ಣು ಬಲ್ಲವನಾಗಿದ್ದ ಆಸ್ಥಾನದಲ್ಲಿ ಜಟ್ಟಿಗಳ ಮಾತಿಗೆ ತೂಕ ಹೆಚ್ಚಿದ್ದಿರಬಹುದು.

1638ರಲ್ಲಿ ಅವರ ಬದುಕು ತಿರುವು ಪಡೆಯಿತು. ಸಿಂಹಾಸನದಲ್ಲಿದ್ದ ಇಮ್ಮಡಿ ರಾಜ ಒಡೆಯರನ್ನು ದಳವಾಯಿ ವಿಕ್ರಮರಾಯ ವಿಷವಿಕ್ಕಿ ಕೊಲ್ಲಿಸಿದನೆಂಬುದು ಇತಿಹಾಸಕಾರರು ಒಪ್ಪಿರುವ ಸಂಗತಿ. ರಾಜ ಒಡೆಯರ ಪತ್ನಿ ತೆರಕಣಾಂಬಿಯಿಂದ ನರಸರಾಜರನ್ನು ಕರೆಸಿ ದತ್ತು ತೆಗೆದುಕೊಂಡರು. ಇಪ್ಪತ್ತಮೂರರ ಹೊಸ ದೊರೆ ತನ್ನ ಕೈಗೊಂಬೆಯಾಗಿರುತ್ತಾನೆಂದು ದಳವಾಯಿ ಎಣಿಸಿದ್ದರೆ ಆ ಎಣಿಕೆ ತಪ್ಪಿತು. ಪಟ್ಟಾಭಿಷೇಕವಾಗಿ ಹೆಚ್ಚು ದಿನ ಕಳೆಯುವ ಮೊದಲೇ ಅವನ ಹತ್ಯೆಯಾಯಿತು. ಅದರ ಬೆನ್ನಿಗೇ, ಆಗತಾನೆ ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಕಸಿದುಕೊಂಡಿದ್ದ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. 1639ರ ಆರಂಭದಲ್ಲಿ ಆ ಮುತ್ತಿಗೆ ವಿಫಲವಾಯಿತು. ರಣಧೀರ ಎಂಬ ಬಿರುದಿಗೆ ಅರ್ಥ ಕೊಟ್ಟದ್ದು ತಿರುಚಿರಾಪಳ್ಳಿಯ ಒಂಟಿ ಕಾಳಗಕ್ಕಿಂತ ಈ ರಕ್ಷಣೆಯೇ ಎಂದು ನನ್ನ ಅಭಿಪ್ರಾಯ. ಮೈಸೂರು ಅಂದು ಬಿದ್ದಿದ್ದರೆ ಮುಂದಿನ ದಕ್ಷಿಣ ಭಾರತದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಇನ್ನು ಟಂಕಸಾಲೆಯ ವಿಷಯ. 1565ರಲ್ಲಿ ವಿಜಯನಗರ ಕುಸಿದ ಮೇಲೆ ದಕ್ಷಿಣದಲ್ಲಿ ನಾಯಕರು, ಪಾಳೆಯಗಾರರು, ಸುಲ್ತಾನರು ತಂತಮ್ಮ ಪಾಡಿಗೆ ಆಳತೊಡಗಿದರು. ಹಳೆಯ ವರಾಹಗಳ ಜೊತೆಗೆ ಹಲವು ಬಗೆಯ ಸಣ್ಣ ನಾಣ್ಯಗಳೂ ಚಲಾವಣೆಯಲ್ಲಿದ್ದವು. ಇಂತಹ ಸ್ಥಿತಿಯಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಸಂತೆಗೆ ರಾಗಿ ತಂದ ರೈತನ ಕೈಗೆ ಬಂದ ನಾಣ್ಯದ ತೂಕ, ಚಿನ್ನದ ಮಟ್ಟ ಅವನಿಗೆ ತಿಳಿಯದು, ತಿಳಿಯುವುದು ಚಿನಿವಾರನಿಗೆ. ಕಂದಾಯ ಕಟ್ಟುವ ದಿನ ಅದೇ ನಾಣ್ಯಕ್ಕೆ ವಟ್ಟ ಹಿಡಿಯುವವನು ಅವನೇ. ನಾಣ್ಯಗಳ ವೈವಿಧ್ಯ ಹೆಚ್ಚಿದಷ್ಟೂ ಬಡವ ತೆರುವ ಕಾಣದ ತೆರಿಗೆ ಹೆಚ್ಚುತ್ತದೆ. ಒಂದೇ ಮಟ್ಟದ, ಎಲ್ಲರೂ ಕಣ್ಣಿನಿಂದಲೇ ಗುರುತಿಸಬಲ್ಲ ನಾಣ್ಯ ಈ ದೃಷ್ಟಿಯಿಂದ ಒಂದು ದೊಡ್ಡ ಧರ್ಮಕಾರ್ಯವೇ. ದಾನಶಾಸನಗಳಲ್ಲಿ ಅದರ ಲೆಕ್ಕ ಸಿಗುವುದಿಲ್ಲ ಅಷ್ಟೆ.

ಒಡೆಯರ ವಂಶದಲ್ಲಿ ಸ್ವಂತ ಟಂಕಸಾಲೆ ತೆರೆದ ಮೊದಲಿಗರು ಕಂಠೀರವರು. ಅವರು ಅಚ್ಚು ಹಾಕಿಸಿದ್ದು ದೊಡ್ಡ ವರಾಹವನ್ನಲ್ಲ, ಗ್ರಾಂನ ಮೂರನೆಯ ಒಂದು ಭಾಗದಷ್ಟು ತೂಗುವ, ಉಗುರಿಗಿಂತ ಚಿಕ್ಕದಾದ ಚಿನ್ನದ ಹಣವನ್ನು. ಒಂದು ಮುಖದಲ್ಲಿ ಅವರ ಇಷ್ಟದೈವ ನರಸಿಂಹ, ಇನ್ನೊಂದರಲ್ಲಿ ನಾಗರಿ ಅಕ್ಷರಗಳಲ್ಲಿ ಕಂಠೀರವ ನಾಮ. ಅಂತಹ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಾಹ. ಈ ವರಾಹ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. ಜನರ ಕೈಯಲ್ಲಿ ಓಡಾಡುತ್ತಿದ್ದುದು ಹಣವೇ. ಸಣ್ಣ ನಾಣ್ಯಕ್ಕೆ ಆದ್ಯತೆ ಕೊಟ್ಟ ಈ ತೀರ್ಮಾನ ಉದ್ದೇಶಪೂರ್ವಕವೋ, ರಾಜ್ಯದಲ್ಲಿ ಚಿನ್ನ ಕಡಿಮೆಯಿದ್ದುದರಿಂದ ಬಂದದ್ದೋ, ಯಾವುದೇ ಇರಲಿ, ಪರಿಣಾಮ ಒಂದೇ: ಅರಸನ ಹೆಸರು ಸಂತೆಯ ವ್ಯವಹಾರದೊಳಕ್ಕೆ ಇಳಿಯಿತು. ಹಣಕ್ಕೂ ಕೆಳಗೆ ಅಡ್ಡ, ಹಾಗ, ವೀಸಗಳ ಲೆಕ್ಕ ಮೊದಲಿನಿಂದಲೂ ಇತ್ತು. ಅರ್ಧ ಹಣ ಅಡ್ಡ, ಕಾಲು ಹಣ ಹಾಗ, ಹದಿನಾರನೆಯ ಒಂದು ಪಾಲು ವೀಸ. ಇಂದು ನಾವು ಸಂಪತ್ತಿಗೆಲ್ಲ ಹಣವೆಂದೇ ಕರೆಯುತ್ತೇವೆ. ಆ ಪುಟ್ಟ ನಾಣ್ಯದ ಹೆಸರೇ ಇಡೀ ವಸ್ತುವಿಗೆ ನಿಂತಿತು. ಐರೋಪ್ಯರು ಅದನ್ನೇ ಫನಂ ಎಂದು ಬರೆದುಕೊಂಡರು.

ನಾಣ್ಯಕ್ಕೆ ಬೆಲೆ ಬರುವುದು ಚಿನ್ನದಿಂದ ಮಾತ್ರವಲ್ಲ, ನಾಳೆಯೂ ಇದನ್ನು ಯಾರಾದರೂ ತೆಗೆದುಕೊಳ್ಳುತ್ತಾರೆಂಬ ನಂಬಿಕೆಯಿಂದ. ಕಂಠೀರಾಯಿ ಹಣ ಆ ನಂಬಿಕೆಯನ್ನು ಗಳಿಸಿತು. 1659ರಲ್ಲಿ ಒಡೆಯರು ತೀರಿಕೊಂಡಾಗ ಅವರಿಗೆ ಉತ್ತರಾಧಿಕಾರಿಯಾದ ಮಗನಿರಲಿಲ್ಲ. ದೊಡ್ಡದೇವರಾಜರೂ ಅವರ ನಂತರ ಚಿಕ್ಕದೇವರಾಜರೂ ಪಟ್ಟಕ್ಕೆ ಬಂದರು. ನಾಣ್ಯ ಬದಲಾಗಲಿಲ್ಲ. ಹೈದರ್ ಅಲಿ ತನ್ನದೇ ಬಹದ್ದೂರಿ ಹೊನ್ನನ್ನು ಅಚ್ಚು ಹಾಕಿಸಿದ. ಟಿಪ್ಪು ಸುಲ್ತಾನ್ ಹತ್ತಾರು ಬಗೆಯ ನಾಣ್ಯಗಳನ್ನು ಹೊಸ ಹೆಸರುಗಳಲ್ಲಿ ಹೊರತಂದ. ಆದರೂ 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ರಾಜ್ಯವನ್ನು ಹಂಚಿಕೊಳ್ಳಲು ಕುಳಿತಾಗ, ಯಾವ ಸೀಮೆಯ ಕಂದಾಯ ಎಷ್ಟೆಂಬ ಪಟ್ಟಿ ತಯಾರಾದದ್ದು ಕಂಠೀರಾಯಿ ವರಾಹದ ಲೆಕ್ಕದಲ್ಲಿ. ಸತ್ತು ನೂರ ನಲವತ್ತು ವರ್ಷವಾದ ಅರಸನ ಹೆಸರಿನಲ್ಲಿ ಇಂಗ್ಲಿಷರೂ ನಿಜಾಮನೂ ಮೈಸೂರನ್ನು ಅಳೆದರು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಅದೇ ಮಾದರಿಯ ಹಣ ಮತ್ತೆ ಟಂಕವಾಯಿತು. ನಾಣ್ಯ ಸಂಗ್ರಾಹಕರು ಈಗಲೂ ಅಗಲ ಕಂಠೀರಾಯಿ, ಗಿಡ್ಡ ಕಂಠೀರಾಯಿ ಎಂದು ಬೇರ್ಪಡಿಸಿ ಗುರುತಿಸುತ್ತಾರೆ.

1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿಯ ಆಜ್ಞೆಯಂತೆ ಹೊಸದಾಗಿ ಗೆದ್ದ ನಾಡನ್ನು ಊರೂರು ಸುತ್ತಿ ಬೆಳೆ, ಕೂಲಿ, ಗುತ್ತಿಗೆ, ಮಗ್ಗ, ತೋಟಗಳ ವಿವರ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಆ ಪುಸ್ತಕ ನಮ್ಮ ಜಿಲ್ಲಾಡಳಿತದ ಅಧ್ಯಯನಕ್ಕೆ ಇಂದಿಗೂ ಮೂಲಗ್ರಂಥ. ಆತ ಮಧುಗಿರಿಗೂ ಸಿರಾಕ್ಕೂ ಬಂದಿದ್ದ. ಅವನ ಪ್ರವಾಸ ಕಥನದಲ್ಲಿ ಬೆಲೆ, ಕೂಲಿಗಳ ಲೆಕ್ಕ ಬರುವಲ್ಲೆಲ್ಲ ಕಂಠೀರಾಯಿ ಹಣ ಮತ್ತೆ ಮತ್ತೆ ಕಾಣಿಸುತ್ತದೆ. ಸೈನ್ಯ ಎಂದೂ ತಲುಪದಿದ್ದ ಸೀಮೆಗೆ ದೊರೆಯ ಹೆಸರು ಹೋದದ್ದು ಹೀಗೆ ಎಂದು ನಾನು ಭಾವಿಸುತ್ತೇನೆ. ಮೊದಲು ಹಣ ಹೋಗಿರಬೇಕು, ಹಣದ ಮೇಲಿನ ಹೆಸರಿಗೆ ತಕ್ಕ ಕಥೆ ಆಮೇಲೆ ಅದರ ಜೊತೆ ಸೇರಿಕೊಂಡಿರಬೇಕು.

ನೀರಿನ ಕೆಲಸವನ್ನು ಇಷ್ಟು ವಿಸ್ತಾರವಾಗಿ ಹೇಳಬೇಕಾಗಿಲ್ಲ, ಅದು ಕಣ್ಣೆದುರಿಗೇ ಇದೆ. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಬಂಗಾರದೊಡ್ಡಿ ಅಣೆ ಮತ್ತು ನಾಲೆ ಕಂಠೀರವರ ಕಾಲದ್ದೆಂದು ಮೈಸೂರಿನ ಗೆಜೆಟಿಯರುಗಳು ದಾಖಲಿಸುತ್ತವೆ. ಅವರಿಗೆ ಪ್ರಿಯಳಾಗಿದ್ದ ದೊಡ್ಡಿ ಎಂಬಾಕೆಯ ಹೆಸರು ನಾಲೆಗೆ ಬಂತೆಂದು ಪ್ರತೀತಿ. ನದಿಯ ಕವಲೊಂದರ ಮೇಲೆ ಮೇಲುಗಾಲುವೆ ಹಾಯಿಸಿ ದ್ವೀಪದ ನೆಲಕ್ಕೆ ನೀರು ಕೊಟ್ಟ ಯೋಜನೆ ಅದು. ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗುವುದಕ್ಕೆ ಎರಡೂವರೆ ಶತಮಾನ ಮೊದಲೇ, ಸಿಮೆಂಟಾಗಲಿ ಸರ್ವೆ ಯಂತ್ರಗಳಾಗಲಿ ಇಲ್ಲದ ಕಾಲದಲ್ಲಿ, ನದಿಯ ಮೇಲೆ ನದಿಯನ್ನೇ ದಾಟಿಸಿದ ಆ ಕುಶಲಿಗಳ ಹೆಸರು ಯಾವ ಕಾವ್ಯದಲ್ಲೂ ಬಂದಂತಿಲ್ಲ. ಮುಂದೆ ಚಿಕ್ಕದೇವರಾಜರು ನಾಲೆಗಳ ಜಾಲವನ್ನು ಇನ್ನಷ್ಟು ಹಿಗ್ಗಿಸಿದರು. ಮಂಡ್ಯ ಸೀಮೆಯ ಗದ್ದೆಗಳ ಚರಿತ್ರೆ ಬರೆಯುವವರು ವಿಶ್ವೇಶ್ವರಯ್ಯನವರಿಂದ ಆರಂಭಿಸದೆ ಸ್ವಲ್ಪ ಹಿಂದಕ್ಕೆ ಹೋಗಬೇಕಾದ ಕಾರಣ ಇದು. ಶ್ರೀರಂಗಪಟ್ಟಣದಲ್ಲಿ ಅವರು ಕಟ್ಟಿಸಿದ ನರಸಿಂಹ ದೇವಾಲಯದಲ್ಲಿ ಅವರದೇ ನಿಂತ ಶಿಲಾಮೂರ್ತಿಯೂ ಇದೆ. ದರಿಯಾ ದೌಲತ್ ನೋಡಿ ಹಿಂದಿರುಗುವ ಪ್ರವಾಸಿಗರಲ್ಲಿ ಬಹಳ ಮಂದಿ ಅತ್ತ ಸುಳಿಯುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಜೀವನಚರಿತ್ರೆಯಾಗದು, ಬಿರುದಾವಳಿಯಾದೀತು. ಕಂಠೀರವರ ಆಳ್ವಿಕೆಯ ಬಹುಪಾಲು ಯುದ್ಧದಲ್ಲೇ ಕಳೆಯಿತು. ಪಿರಿಯಾಪಟ್ಟಣದ ಚಂಗಾಳ್ವರಿಂದ ಹಿಡಿದು ಸುತ್ತಲಿನ ಎಷ್ಟೋ ಪಾಳೆಯಪಟ್ಟುಗಳನ್ನು ಅವರು ಬಗ್ಗಿಸಿದರು. ಯುದ್ಧಕ್ಕೆ ಬೇಕಾದ ಧನ ಎಲ್ಲಿಂದ ಬರಬೇಕು? ಊರುಗಳಿಂದಲೇ. ಗ್ರಾಮಗಳಲ್ಲಿ ಸಂಪತ್ತು ಕೂಡಿದರೆ ಪ್ರಜೆಗಳು ಸೊಕ್ಕುತ್ತಾರೆಂಬ ತರ್ಕದ ಮೇಲೆ ಕಂದಾಯ ಬಿಗಿಮಾಡಿದರೆಂದು ಹಳೆಯ ಇತಿಹಾಸಗಳು ಹೇಳುತ್ತವೆ. ಈ ತರ್ಕವನ್ನು ನಮ್ಮ ಕಾಲದ ಆಡಳಿತಗಾರರ ಬಾಯಲ್ಲೂ ಬೇರೆ ಮಾತುಗಳಲ್ಲಿ ನಾನು ಕೇಳಿದ್ದೇನೆ. ಒಳ್ಳೆಯ ನಾಣ್ಯ ಕೊಟ್ಟ ಕೈಯೇ ಆ ನಾಣ್ಯವನ್ನು ಹೆಚ್ಚು ಹೆಚ್ಚಾಗಿ ವಸೂಲಿ ಮಾಡಿತು. ಒಂದೇ ಬಗೆಯ ನಾಣ್ಯ ರೈತನಿಗೆ ಅನುಕೂಲವಾದಷ್ಟೇ ಕಂದಾಯದ ಶಾನುಭೋಗನಿಗೂ ಅನುಕೂಲ ಎಂಬುದನ್ನು ಮರೆಯಬಾರದು.

ಅದಕ್ಕಿಂತ ಕಹಿಯಾದದ್ದು ಮಧುರೆಯ ಯುದ್ಧ. ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮಧುರೆಯ ತಿರುಮಲ ನಾಯಕನ ಮೇಲೆ ಹೊರಟ ಮೈಸೂರು ಸೇನೆ ದಾರಿಯಲ್ಲಿ ಸಿಕ್ಕ ಜನರ ಮೂಗು, ಮೇಲ್ದುಟಿಗಳನ್ನು ಕೊಯ್ದು ಅರಸನಿಗೆ ಕಳುಹಿಸಿತು. ಅಂದು ಮಧುರೆ ಸೀಮೆಯಲ್ಲಿದ್ದ ಜೆಸುಯಿಟ್ ಪಾದ್ರಿಗಳು ತಮ್ಮ ಪತ್ರಗಳಲ್ಲಿ ಇದನ್ನು ವರದಿ ಮಾಡಿದ್ದಾರೆ. ತಮಿಳು ನಾಡಿನ ಚರಿತ್ರೆಯಲ್ಲಿ ಇದಕ್ಕೆ ಮೂಗಿನ ಯುದ್ಧವೆಂದೇ ಹೆಸರು. ರಾಮನಾಥಪುರದ ಸೇತುಪತಿಯ ನೆರವಿನಿಂದ ಮಧುರೆಯವರು ಮೈಸೂರಿನವರನ್ನು ಹಿಮ್ಮೆಟ್ಟಿಸಿ, ಅದೇ ಬಗೆಯಲ್ಲಿ ಸೇಡು ತೀರಿಸಿಕೊಂಡರು. ಕತ್ತಿ ಹಿಡಿದ ಸೈನಿಕರಿಗಲ್ಲ, ಹೊಲಮನೆಗಳಲ್ಲಿದ್ದ ಗಂಡಸರು, ಹೆಂಗಸರು, ಮಕ್ಕಳಿಗೆ ಆದ ಗಾಯ ಇದು. ನಮ್ಮ ಚಲನಚಿತ್ರಗಳೂ ಪಠ್ಯಪುಸ್ತಕಗಳೂ ಈ ಅಧ್ಯಾಯವನ್ನು ಮೌನವಾಗಿ ದಾಟಿಬಿಡುತ್ತವೆ. ತಿರುಚಿರಾಪಳ್ಳಿಯಲ್ಲಿ ಸಾಮಾನ್ಯರ ತಲೆ ತಗ್ಗಿಸಿದ ಜಟ್ಟಿಯ ಮೇಲೆ ಮುನಿದ ತರುಣ, ವಯಸ್ಸಾದ ಮೇಲೆ ಅದೇ ಸೀಮೆಯ ಸಾಮಾನ್ಯರ ಮುಖವನ್ನೇ ವಿರೂಪಗೊಳಿಸಿದ ಸೇನೆಯ ಒಡೆಯನಾದದ್ದು ಈ ಬದುಕಿನ ಅತ್ಯಂತ ಕಷ್ಟದ ಸಂಗತಿ. ಅದನ್ನು ಕಾಲಧರ್ಮವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಕಾಲ ಅದೇ ಆಗಿದ್ದರೂ ಸಮಕಾಲೀನರಿಗೆ ಅದು ಅಸಹ್ಯವೆನಿಸಿತ್ತು ಎಂಬುದಕ್ಕೆ ಆ ಪತ್ರಗಳೇ ಆಧಾರ.

1659ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಕಂಠೀರವ ನರಸರಾಜ ಒಡೆಯರು ತೀರಿಕೊಂಡರು. ಅದೇ ವರ್ಷ ತಿರುಮಲ ನಾಯಕನೂ ಸತ್ತ. ಕಂಠೀರವ ಎಂಬ ಹೆಸರು ಮಾತ್ರ ಮೈಸೂರು ಮನೆತನದಲ್ಲಿ ಮತ್ತೆ ಮತ್ತೆ ಬಂತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ಅಂದರೆ ಜಯಚಾಮರಾಜ ಒಡೆಯರ ತಂದೆ, ಅದನ್ನು ಹೊತ್ತವರು. ಬೆಂಗಳೂರಿನ ಕ್ರೀಡಾಂಗಣದ ಹೆಸರಿನಲ್ಲೂ ಚಿತ್ರ ಸ್ಟುಡಿಯೋದ ಹೆಸರಿನಲ್ಲೂ ಆ ಸಿಂಹಧ್ವನಿ ಉಳಿದಿದೆ. ನಡುಪಟ್ಟಿಯಂತೆ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದರೆನ್ನಲಾದ ಅವರ ನಿಂಚ ಎಂಬ ಕತ್ತಿ ಮೈಸೂರು ಅರಮನೆಯ ಆಯುಧಾಗಾರದಲ್ಲಿದೆ. ನೋಡಲು ಬರುವವರು ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಅವರ ಹಣ ಬೇಕೆಂದರೆ ವಸ್ತುಸಂಗ್ರಹಾಲಯದ ನಾಣ್ಯವಿಭಾಗಕ್ಕೆ ಹೋಗಬೇಕು. ಗಾಜಿನ ಹಿಂದಿನ ಆ ಚಿನ್ನದ ಚುಕ್ಕೆಯ ಮೇಲಿನ ನರಸಿಂಹನನ್ನು ಕಾಣಲು ಭೂತಗನ್ನಡಿ ಬೇಕಾಗುತ್ತದೆ.